ನಮ್ಮನೆ ಪರಂಗಿ

ಚಂದ್ರಪ್ರಭಾ ನಾಲ್ಕೂವರೆಗೇ ಏಳುತ್ತಿದ್ದರು. ಸ್ನಾನ, ದೇವರ ದೀಪ, ಹಾಲು ಕಾಯಿಸುವುದು, ಹುಳಿಗೆ ಬೇಳೆ ಇಡುವುದು, ಕಾಯಿ ತುರಿಯುವುದು, ಮಧ್ಯಾಹ್ನದ ಡಬ್ಬಿಗಳನ್ನು ತುಂಬುವುದು, ಒಲೆ ಒರೆಸುವುದು. ಮಂಗಳವಾರವಾದರೆ ಕಸದ ಡಬ್ಬಿಯನ್ನು ರಸ್ತೆಯಂಚಿಗೆ ಉರುಳಿಸುವುದು. ಮಗನಿದ್ದ ಪರದೇಶದ ಊರು ರೈಸ್‌ವೈಕ್‌ನ ಆ ಬೀದಿಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಅಡುಗೆಮನೆಯಲ್ಲಿ ಯಾರಿಗೂ ಕೆಲಸ ಉಳಿದಿರುತ್ತಿರಲಿಲ್ಲ. ಉಳಿಯಬಾರದೆಂದೇ ಅವರು ಅಷ್ಟು ಬೇಗ ಏಳುತ್ತಿದ್ದದ್ದು. ಮಗ ಅನಿರುದ್ಧ ಮದುವೆಯಾದವಳು ಸೊಲೆನ್, ಫ್ರಾನ್ಸಿನ ಹುಡುಗಿ. ಅವಳು ಒಲೆ ಮುಟ್ಟದ ಹಾಗೆ ನೋಡಿಕೊಳ್ಳಲು ಜಗಳವಿಲ್ಲದ ದಾರಿ ಅದೊಂದೇ.

ಈಗ ಬಲ ಮಣಿಕಟ್ಟು ಬಾತುಕೊಂಡಿತ್ತು. ಭಾರ ಎತ್ತಬೇಡಿ ಎಂದಿದ್ದರು ಡಾಕ್ಟರು. ಭಾನುವಾರ ನೋಡಿದರೆ ಗಂಡನ ತಿಥಿ. ವಡೆಗೆ ರುಬ್ಬಬೇಕು, ಹತ್ತು ಬಗೆ ಆಗಬೇಕು, ಎಲ್ಲವೂ ಮಡಿಯಲ್ಲಿ.

ಶುಕ್ರವಾರ ಸಂಜೆ ಮೈಸೂರಿನಿಂದ ತಂಗಿ ಉಷಾ ಫೋನಿನಲ್ಲಿ ಕೇಳಿದಳು, "ಒಬ್ಬಳೇ ಹೇಗೆ ಮಾಡ್ತೀಯೇ ಅಕ್ಕ?"

"ಮಾಡ್ತೀನಿ ಬಿಡೇ. ನಮ್ಮನೆ ಪರಂಗಿ ಕೈಗೆ ಕೊಡಕ್ಕಾಗತ್ತಾ?"

ಫೋನಿಟ್ಟು ತಿರುಗಿದರೆ ಸೊಲೆನ್ ಬಾಗಿಲಲ್ಲಿದ್ದಳು. ಎರಡು ವರ್ಷದಿಂದ ಕನ್ನಡ ಕಲಿಯುತ್ತಿದ್ದವಳು.

"ಪರಂಗಿ ಅಂದ್ರೆ ನಾನು. ಗೊತ್ತು ಅತ್ತೆ, ಹೋದ ವರ್ಷಾನೇ ಹುಡುಕಿ ನೋಡಿದೆ."

ಚಂದ್ರಪ್ರಭಾ ಸೆರಗಿನಿಂದ ಒಲೆಯಂಚು ಒರೆಸತೊಡಗಿದರು.

"ನಮ್ಮ ಕಡೆಯ ಹಳೇ ಜನ ಫ್ರಾಂಕರು. ಅರಬರು ಫರಂಜ್ ಅಂದ್ರು, ಪರ್ಷಿಯಾದಲ್ಲಿ ಫರಂಗಿ ಆಯ್ತು, ಹಾಗೇ ನಿಮ್ಮ ಬಾಯಿಗೆ ಬಂತು. ಸಾವಿರ ವರ್ಷ ಆಗಿದೆ. ಫ್ರಾನ್ಸಲ್ಲೂ ನನ್ನನ್ನ ಇಷ್ಟು ಹಳೇ ಹೆಸರಲ್ಲಿ ಯಾರೂ ಕರೆಯಲ್ಲ ಅತ್ತೆ."

ಚಂದ್ರಪ್ರಭಾ ಕುರ್ಚಿ ಎಳೆದುಕೊಂಡು ಕೂತರು. ಅಜ್ಜಿಗೆ ಇಂಗ್ಲಿಷರೂ ಪರಂಗಿ, ಪೋರ್ಚುಗೀಸರೂ ಪರಂಗಿ. ಟೋಪಿ ಪರಂಗಿ, ರೋಗ ಪರಂಗಿ. ಸ್ನಾನಕ್ಕೆ ಮೊದಲು ಕಾಫಿ ಕುಡಿದಳೆಂದು ಅತ್ತೆ ತಮ್ಮನ್ನೂ 'ಪರಂಗಿ ಹೆಂಗಸು' ಅಂದಿದ್ದರು. ಕಣ್ಣಿಂದ ಕಂಡಿರದ ಜನರ ಹೆಸರು ಮರಳುಗಾಡು, ಕಡಲು ದಾಟಿ, ಬಾಯಿಂದ ಬಾಯಿಗೆ ಸವೆದು, ಮೈಸೂರಿನ ಅಡುಗೆಮನೆಯ ಹೊಸ್ತಿಲಲ್ಲಿ ಕಾವಲು ನಿಂತಿತ್ತು.

"ನಾನು ಹೇಳಿದ್ದು ಒಳ್ಳೇ ಅರ್ಥದಲ್ಲಲ್ಲ ಕಣೆ," ಎಂದರು ಮೆಲ್ಲಗೆ.

"ಅದೂ ಗೊತ್ತು. ಆದ್ರೆ ಅನಿ ಪರಂಗಿ ಅಲ್ವಲ್ಲ. ಅವನು ಯಾಕೆ ರುಬ್ಬಲ್ಲ?"

"ಅವನು ತಿಥಿಗೆ ಕೂರ್ತಾನಲ್ಲೇ."

"ಕೂರೋದು ಅಡುಗೆ ಆದ್ಮೇಲೆ ಅಲ್ವಾ?"

ಮೂವತ್ತೈದು ವರ್ಷ ಗಂಡನ ಮನೆತನದ ತಿಥಿಗಳಿಗೆ ಚಂದ್ರಪ್ರಭಾ ಬೇಯಿಸಿದ್ದರು. ಆ ಪ್ರಶ್ನೆ ತಮಗೇ ಯಾಕೆ ಹೊಳೆಯಲಿಲ್ಲವೆಂದು ಸೊಸೆಯ ಮುಖವನ್ನೇ ಬೆರಗಾಗಿ ನೋಡಿದರು.

ಶನಿವಾರ ಮಧ್ಯಾಹ್ನ ಮಗ ಸೊಸೆ ಅಂಗಡಿಗೆ ಹೋಗಿದ್ದಾಗ ಚಂದ್ರಪ್ರಭಾ ಮಡಿಬಟ್ಟೆ ನೆನೆಸಲು ಕೂತರು. ಅಡುಗೆಗೆ ನಿಲ್ಲುವವರ ಮಡಿ ಒಣಗುವ ಹಗ್ಗದ ಮೇಲೆ ಇದುವರೆಗೆ ತಮ್ಮದೊಂದೇ ಸೀರೆ ಇರುತ್ತಿತ್ತು. ಉಷಾಳ ಫೋನು ಎರಡು ಸಲ ಬಡಿದುಕೊಂಡಿತು, ಎತ್ತಲಿಲ್ಲ. ಎಡಗೈಯಲ್ಲಿ ಹಿಂಡಿ, ಕೋಲಿನಿಂದ ಎತ್ತಿ, ಮೊದಲು ಅನಿರುದ್ಧನ ಪಂಚೆ ಹರವಿದರು. ಪಕ್ಕದಲ್ಲಿ, ಸೊಲೆನ್‌ಗೆಂದು, ಒಂದು ಹತ್ತಿ ಸೀರೆ. ತಮ್ಮದನ್ನು ನೀರಿಗೇ ಹಾಕಲಿಲ್ಲ.