ಸುರುಳಿ ಬಿಚ್ಚದ ವೈರು

"ಮಾವಾರ, ನೀರ ಹಾಕಬ್ಯಾಡ್ರಿ. ಕರೆಂಟ್ ಇನ್ನೂ ಐತಿ," ಎಂದು ಸೊಸೆ ನನ್ನ ಕೈಯಲ್ಲಿದ್ದ ಕೊಡವನ್ನು ತಡೆದಳು. ನಾಗನೂರಿನ ನಮ್ಮ ಮನೆಯ ಹಿತ್ತಲಲ್ಲಿ ಕಬ್ಬಿನ ಒಣ ಎಲೆಗಳ ರವದಿ ಹೊಗೆಯಾಡುತ್ತಿತ್ತು. ಪಕ್ಕದಲ್ಲೇ ಎಮ್ಮೆ ಹೆದರಿ ಹಗ್ಗ ಜಗ್ಗುತ್ತಿತ್ತು. ಅವಳು ಓಡಿಹೋಗಿ ಮೇನ್ ಸ್ವಿಚ್ ಬಂದ್ ಮಾಡಿದಳು, ಎಮ್ಮೆ ಬಿಚ್ಚಿ ಹೊರಗೆ ಅಟ್ಟಿದಳು. ಆಮೇಲೆ, "ಈಗ ಹಾಕ್ರಿ" ಅಂದಳು.

ತಪ್ಪು ಪೂರ್ತಿ ನನ್ನದು. ಎಮ್ಮೆಗೆ ಮೇವು ಹಾಕುವ ಗೋದಲಿಯ ಮುರಿದ ಕಬ್ಬಿಣ ಬೆಸೆಯಲು ವೆಲ್ಡಿಂಗ್ ಮಷೀನಿಗೆ ಅಡುಗೆಮನೆಯ ಮಿಕ್ಸರ್ ಪ್ಲಗ್ಗಿನಿಂದ ಕರೆಂಟ್ ಎಳೆದಿದ್ದೆ. ತೆಳು ವೈರನ್ನು ಬೇಕಾದಷ್ಟೇ ಬಿಚ್ಚಿ, ಉಳಿದ ಸುರುಳಿಯನ್ನು ರವದಿಯ ಮೇಲೆ ಇಟ್ಟಿದ್ದೆ. ಅದು ಅಲ್ಲೇ ಕಾದು ಕರಗಿತು. "ಈ ವೈರ್ ತಡಿಯಂಗಿಲ್ರಿ, ಕಾಯ್ತೈತಿ" ಎಂದು ಅವಳು ಮೊದಲೇ ಎಚ್ಚರಿಸಿದ್ದಳು. "ನೀ ರೊಟ್ಟಿ ಬಡಿ ಹೋಗ" ಎಂದು ನೆರೆಯವರ ಎದುರಿಗೇ ಅಂದಿದ್ದೆ.

ಸಂಜೆ ಮಗ ಬಂದು, "ಅಪ್ಪಾ, ಎಮ್ಮಿಗೂ ಬೆಸಗಿ ಹಾಕಾಂವ ಇದ್ದೇನು? ಈ ಮಷೀನ್ ಮಾರೂನು" ಎಂದ. ಸೊಸೆಯೇ ಉತ್ತರ ಕೊಟ್ಟಳು: "ಯಾಕ ಮಾರೂದ್ರಿ? ಮಾವಾರ ಕೈ ಸುಮ್ಮ ಕೂಡಂಗಿಲ್ಲ. ಬ್ಯಾರೆ ಲೈನ್ ಎಳಸೂನು." ಮೂಡಲಗಿಯಿಂದ ವಾಯರ್‌ಮನ್‌ನನ್ನು ಕರೆಸಿ, ಮೇನ್ ಬೋರ್ಡಿನಿಂದ ದಪ್ಪ ವೈರು, ಸರಿಯಾದ ಅರ್ಥಿಂಗ್, ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್ಚು, ದೊಡ್ಡ ಮೂರು ಪಿನ್ನಿನ ಪ್ಲಗ್ಗು ಹಾಕಿಸಿದಳು.

ಈಗ ಬೆಸುಗೆಗೆ ಕೂರುವ ಮುಂಚೆ "ಒಮ್ಮೆ ನೋಡಿ ಹೋಗವ್ವಾ" ಎಂದು ನಾನೇ ಅವಳನ್ನು ಕರೆಯುತ್ತೇನೆ. ಅವಳು ಹೂಂ ಅನ್ನುವತನಕ ಸ್ವಿಚ್ಚಿಗೆ ಕೈ ಹಾಕುವುದಿಲ್ಲ.