ನಾಯಿಯ ದೊಡ್ಡಮ್ಮ

ಬಾಗಿಲು ತೆರೆದ ಅತ್ತಿಗೆಯನ್ನು ದಾಟಿಕೊಂಡು ದೊಡ್ಡಮ್ಮ ನೇರವಾಗಿ ಸೋಫಾದ ಪಕ್ಕ ಬಗ್ಗಿ, ‘ಏನಪ್ಪಾ ದೊರೆ, ಊಟ ಆಯ್ತಾ?’ ಎಂದು ನಾಯಿಯ ಕ್ಷೇಮ ವಿಚಾರಿಸುತ್ತಾರೆ. ಮನುಷ್ಯರ ಸರದಿ ಆಮೇಲೆ. ಬಾಯಿ ನಮ್ಮೊಡನೆ ಮಾತಾಡುತ್ತಿದ್ದರೆ ಬೆರಳು ನಾಯಿಯ ಕಿವಿಯ ಹಿಂದೆ, ಕಾಲ್ಬೆರಳ ಸಂದಿಯಲ್ಲಿ ಉಣ್ಣಿ ಹುಡುಕುತ್ತಿರುತ್ತದೆ. ಸಿಕ್ಕಿದ್ದನ್ನು ಚಿಮಟದಿಂದ ಬುಡಕ್ಕೇ ಹಿಡಿದು, ನೆಟ್ಟಗೆ ಎಳೆದು, ಸೋಪಿನ ನೀರಿಗೆ ಹಾಕುತ್ತಾರೆ. ಮಕ್ಕಳ ತಲೆ ಸವರಿದರೂ ಕೂದಲು ಬಿಡಿಸಿ ನೋಡುವುದು ಅವರ ಕೈಗೆ ಅಂಟಿದ ಚಾಳಿ. ಮನೆಗೆ ಬಂದ ಹೊಸ ಅಳಿಯನ ತಲೆಗೂ ಒಮ್ಮೆ ಅದೇ ಗತಿಯಾಯಿತು. ಈ ಸಲ ಮಗುವಿನ ಕಾಲ ತುಂಬ ಚಿಗಟ ಕಚ್ಚಿದ ಗುಳ್ಳೆ ಕಂಡು, ಅತ್ತಿಗೆ ನಾಯಿಯನ್ನೇ ಬೇರೆಯವರಿಗೆ ಕೊಟ್ಟುಬಿಡಲು ನಿರ್ಧರಿಸಿದ್ದರು. ‘ನೆಗಡಿ ಬಂತು ಅಂತ ಮೂಗು ಕೊಯ್ಕೋತಾರೇನೇ? ಚಿಗಟದ ಸಂಸಾರ ಇರೋದು ನಿನ್ನ ಸೋಫಾದಲ್ಲಿ, ಏಳು’ ಎಂದ ದೊಡ್ಡಮ್ಮ ಹೊದಿಕೆಗಳನ್ನೆಲ್ಲ ಬಿಸಿನೀರಿಗೆ ಹಾಕಿಸಿ, ಅಣ್ಣನ ಕೈಗೆ ವ್ಯಾಕ್ಯೂಮ್ ಕ್ಲೀನರ್ ಕೊಟ್ಟು, ನಾಯಿಯ ಕತ್ತಿಗೆ ಔಷಧಿಯ ಹನಿ ಬಿಟ್ಟರು. ಇಷ್ಟೆಲ್ಲ ಮಾಡುವವರ ಸ್ವಂತ ಮನೆಯಲ್ಲಿ ನಾಯಿಯಿಲ್ಲ. ರೋಮ ಸೋಕಿದರೆ ದೊಡ್ಡಪ್ಪನಿಗೆ ಉಬ್ಬಸ ಬರುತ್ತದೆ. ಅದಕ್ಕೇ ಹೊರಡುವ ಮುನ್ನ ನಮ್ಮ ಬಚ್ಚಲಲ್ಲಿ ಬಟ್ಟೆ ಬದಲಿಸುತ್ತಾರೆ. ಆಮೇಲೆ ನಾಯಿ ಎಷ್ಟು ಕುಣಿದರೂ ಮುಟ್ಟದೆ, ‘ಸಾಕು, ಒಳಗೆ ಹೋಗು ಮರಿ’ ಎಂದು ಹೊಸಿಲಿನಾಚೆಯಿಂದಲೇ ಹೇಳುತ್ತಾರೆ. ನಾಯಿಯನ್ನು ಒಯ್ಯಲು ಒಪ್ಪಿದ್ದವರಿಗೆ ಅತ್ತಿಗೆ ಫೋನ್ ಮಾಡಿ ಬರುವುದು ಬೇಡ ಎಂದಿದ್ದಾರೆ. ಸೋಫಾದಲ್ಲಿ ಉಳಿದ ಚಿಗಟದ ಮೊಟ್ಟೆಗಳು ಒಡೆಯುವ ಹೊತ್ತಿಗೆ, ಮುಂದಿನ ಭಾನುವಾರ, ದೊಡ್ಡಮ್ಮ ಮತ್ತೆ ಬರುತ್ತಾರೆ.