ಮಾಸ್ತರರ ನಾಲ್ಕು ಗಂಟಲು

ದೇವರು ನನಗೊಂದು ಸ್ವಂತ ಗಂಟಲು ಕೊಡಲು ಮರೆತು, ಊರವರದ್ದನ್ನೆಲ್ಲ ಕೊಟ್ಟುಬಿಟ್ಟಿದ್ದಾನೆ. ಫೋರ್‌ಮನ್ನನ ಸೀನು, ಹಾಲಿನವನ ಕೂಗು, ಪಾದ್ರಿಗಳ ‘ಪ್ರಿಯ ಸಹೋದರರೇ’ ಎಲ್ಲ ಬರುತ್ತದೆ. ನನ್ನ ದನಿಯಲ್ಲೇ ಹಾಡಿದರೆ ಮಾತ್ರ ತಗಡಿನ ಮೇಲೆ ಆಡು ನಡೆದ ಹಾಗೆ. ಆದರೂ ಕೊಯಾಲಿಯ ರಿಫೈನರಿ ಶುರುವಾದ ಹೊಸತರಲ್ಲಿ ಉಡುಪಿಯಿಂದ ಕೆಲಸಕ್ಕೆ ಬಂದ ನಾನು, ವಡೋದರದ ನಮ್ಮ ಚರ್ಚಿನ ಗಾಯನಮಂಡಳಿ ಸೇರಿದೆ. ತಾಲೀಮಿನ ನಡುವೆ ಚಹಾ, ಕಡಲೆಹಿಟ್ಟಿನ ಗರಿಗರಿ ಗಾಂಠಿಯಾ ಕೊಡುತ್ತಿದ್ದರು. ಪಾದ್ರಿಗಳಿಗೆ ಬೇರೆ ಕಾರಣ ಹೇಳಿದ್ದೆ.

ಮಂಡಳಿಯ ಮಾಸ್ತರರು ಧಾರವಾಡದವರು, ರೈಲ್ವೆ ಗುಮಾಸ್ತರು. ಉಳಿದವರೆಲ್ಲ ಗುಜರಾತಿಗಳು. ಸ್ವರಲಿಪಿ ಓದಲು ಬರುತ್ತಿದ್ದದ್ದು ಮಾಸ್ತರರೊಬ್ಬರಿಗೇ. ಹಾರ್ಮೋನಿಯಂ ಬಾರಿಸಿದರೆ ಎಲ್ಲರೂ ಮೇಲಿನ ಸ್ವರಕ್ಕೇ ಜೋತುಬೀಳುತ್ತಿದ್ದರು. ಹಾಗಾಗಿ ದೀಪಾವಳಿ ಕಳೆದ ಮೇಲೆ ಚರ್ಚಿನಲ್ಲಿ ನಡೆಯುವ ಬೆಳೆ ಹಬ್ಬದ ಗೀತೆಯ ನಾಲ್ಕು ದನಿಗಳನ್ನೂ ಅವರೇ ಹಾಡಿ ತೋರಿಸಬೇಕು. ಮೇಲುದನಿಯ ಸೊಪ್ರಾನೊ ಹೆಂಗಸರಿಗೆ ಹುಬ್ಬೇರಿಸಿ ಸಣ್ಣ ದನಿ, ತಗ್ಗುದನಿಯ ಆಲ್ಟೊ ಹೆಂಗಸರಿಗೆ ಮೂಗಿನಿಂದ, ಗಂಡಸರಲ್ಲಿ ಮೇಲಿನ ಟೆನರಿಗೆ ತುದಿಗಾಲಿನಲ್ಲಿ, ಕೆಳಗಿನ ಬೇಸ್ ದನಿಗೆ ಗದ್ದವನ್ನು ಕಾಲರಿನೊಳಗೆ ಇಳಿಸಿ. ಒಂದು ಶನಿವಾರ ಕಲಿತದ್ದು ಮುಂದಿನ ಶನಿವಾರಕ್ಕೆ ಆವಿ. ಮತ್ತೆ ಮೊದಲಿನಿಂದ. ಮೂರನೆಯ ಸಾಲಿಗೆ ಮುಂಚೆ ಮಾತ್ರ ಯಾವ ದನಿಯಾದರೂ ಅವರು ‘ಹ್ಞಹುಂ’ ಎಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಚಹಾದ ಹೊತ್ತಿಗೆ ಅಂಗಳದಲ್ಲಿ ನಾನು ಮಾಡುತ್ತಿದ್ದ ಅವರ ನಕಲಿಗೆ ಅತಿ ಹೆಚ್ಚು ನಗು ಬರುತ್ತಿದ್ದದ್ದು ಅಲ್ಲೇ.

“ನಾಲ್ಕೂ ದನಿ ಕೂಡಿದ್ದನ್ನ ಒಮ್ಮೆರೆ ಹೊರಗ ಕುಂತು ಕೇಳಬೇಕಲೇ,” ಎಂದು ಒಂದು ಸಂಜೆ ಅವರು ನನ್ನೊಡನೆ ಹೇಳಿದ್ದರು. “ಯಾವಾಗ್ಲೂ ಯಾವುದರೆ ಒಂದು ದನಿ ಹಿಡಕೊಂಡು ಓಡೂದಾ ಆತು.”

ಅಷ್ಟರಲ್ಲಿ ನವರಾತ್ರಿ ಬಂತು. ಕಾಂಪೌಂಡಿನಾಚೆ ಗರ್ಬಾ ಕುಣಿತದ ಧ್ವನಿವರ್ಧಕ. ತಾಲೀಮಿನ ವೇಳೆ ಬದಲಿಸೋಣವೆಂದರೆ ಮಾಸ್ತರರು ಒಪ್ಪಲಿಲ್ಲ. “ಅವರ ಹಬ್ಬ ಅವರದು. ನಾವು ಸ್ವಲ್ಪ ದನಿ ಎತ್ತೂಣಂತ.” ಎತ್ತಿದವರು ಅವರೊಬ್ಬರೇ, ನಮ್ಮ ಕಾಲುಗಳು ಗರ್ಬಾದ ತಾಳ ಹಾಕುತ್ತಿದ್ದವು. ಹಬ್ಬ ಮುಗಿದಾಗ ಅವರ ನಾಲ್ಕು ಗಂಟಲೂ ಒಟ್ಟಿಗೆ ಕೂತುಬಿಟ್ಟವು. ಬೆಳೆ ಹಬ್ಬದವರೆಗೆ ಒಂದು ಮಾತೂ ಆಡಕೂಡದೆಂದು ಡಾಕ್ಟರು ಹೇಳಿದರು.

“ಹಾಗಾದರೆ ಈ ವರ್ಷವೂ ಒಂದೇ ದನಿಯ ಯಾವುದಾದರೂ ಹಾಡು,” ಎಂದರು ಪಾದ್ರಿಗಳು. ಮಾಸ್ತರರು ಪುಸ್ತಕ ಮುಚ್ಚಿ ಅದರ ಮೇಲೆ ಕೈಯಿಟ್ಟುಕೊಂಡು ಕೂತರು.

ಆಗ ಆಲ್ಟೊದ ನರ್ಸಮ್ಮ ಮಾಸ್ತರರಿಗೆ ನನ್ನತ್ತ ಬೆರಳು ತೋರಿದಳು. “ಸಾಹೇಬ್, ಇಸ್ಕೋ ಸಬ್ ಆತಾ ಹೈ! ಹರ್ ಶನಿವಾರ್ ಆಪ್‌ಕೀ ನಕಲ್ ಕರ್ತಾ ಹೈ!”

ನಕಲಿನ ಗುಟ್ಟು ಹೊರಬಿತ್ತು, ನನ್ನ ಗಾಂಠಿಯಾದ ಋಣ ಮುಗಿಯಿತೆಂದುಕೊಂಡೆ. ಮಾಸ್ತರರು ನನ್ನನ್ನು ಒಂದು ಗಳಿಗೆ ನೋಡಿ, ಬೆರಳಿನಿಂದ ಮುಂದೆ ಕರೆದರು. ಸೊಪ್ರಾನೊ ಸಾಲಿನತ್ತ ಕೈ ತೋರಿದರು. ಹುಬ್ಬೇರಿಸಿ ಹಾಡಿದೆ. ಆಲ್ಟೊದತ್ತ ತೋರಿದರು, ಮೂಗಿನಿಂದ ಹಾಡಿದೆ. ಬೇಸ್ ದನಿಗೆ ಬರುವಷ್ಟರಲ್ಲಿ ಅವರ ಹೆಗಲು ಸದ್ದಿಲ್ಲದೆ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು. ನನಗೆ ಕೊಬ್ಬು ಹೆಚ್ಚಿತು. ಟೆನರಿನವರತ್ತ ತಿರುಗಿ, “ಏನ್ರೀ, ಹಾಡಾಕತ್ತೀರೋ ಎಮ್ಮಿ ಮೈ ತೊಳ್ಯಾಕತ್ತೀರೋ?” ಎಂದು ಅವರದೇ ದನಿಯಲ್ಲಿ ಗದರಿದೆ. ಅರ್ಥ ಗೊತ್ತಿಲ್ಲದಿದ್ದರೂ ಬೈಗುಳದ ರಾಗ ಪರಿಚಯವಿದ್ದ ಗುಜರಾತಿಗಳು ತಟ್ಟನೆ ನೆಟ್ಟಗಾದರು. ದೀಪಾವಳಿ ಕಳೆಯುವವರೆಗೂ ಪ್ರತಿ ಶನಿವಾರ ಹೀಗೇ ನಡೆಯಿತು: ಬೆರಳು ಅವರದು, ಬಾಯಿ ನನ್ನದು.

ಬೆಳೆ ಹಬ್ಬದ ಭಾನುವಾರ ವೇದಿಕೆಯ ಮುಂದೆ ಸಜ್ಜೆ ತೆನೆ, ಹತ್ತಿ, ಕುಂಬಳಕಾಯಿಗಳ ರಾಶಿ. ಮಾಸ್ತರರು ಮಫ್ಲರ್ ಸುತ್ತಿಕೊಂಡು ಕೊನೆಯ ಬೆಂಚಿನಲ್ಲಿ ಕೂತರು. ನಾವು ಶುರು ಮಾಡಿದೆವು. ಹಾಡಿನ ಮೊದಲ ಸಾಲು ಶ್ರುತಿ ಬಿಡದೆ ದಾಟಿತು, ಎರಡನೆಯದೂ ದಾಟಿತು. ಮೂರನೆಯದಕ್ಕೆ ಮುಂಚೆ ಇಡೀ ಮಂಡಳಿ ಒಕ್ಕೊರಲಿನಿಂದ ‘ಹ್ಞಹುಂ’ ಎಂದಿತು.

ಮುಂದಿನ ಬೆಂಚಿನ ಮಕ್ಕಳು ಕಿಸಕ್ಕೆಂದವು. ಪಾದ್ರಿಗಳು ಕನ್ನಡಕ ಸರಿಮಾಡಿಕೊಂಡರು. ಕಲಿಸಿದ್ದು ನಾನೇ, ಅಂಗಳದಲ್ಲಿ ಅದಕ್ಕೆ ನಗುತ್ತಿದ್ದವರೂ ಈಗ ಅದು ಹಾಡಿನ ಭಾಗವೆಂದು ಪಾಪ, ಶ್ರದ್ಧೆಯಿಂದ ಕಲಿತಿದ್ದರು. ಆದರೆ ಕೆಮ್ಮಿನ ಹಿಂದೆಯೇ ನಾಲ್ಕೂ ದನಿಗಳು ಒಟ್ಟಿಗೆ ಎದ್ದವು, ಕೊನೆಯವರೆಗೂ ಬೀಳಲಿಲ್ಲ. ಹಿಂದಿನ ಬೆಂಚಿನಲ್ಲಿ ಮಾಸ್ತರರು ಕಣ್ಣು ಮುಚ್ಚಿದ್ದರು.

ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ನನ್ನ ಕಿವಿ ಹಿಡಿದು, ಅಷ್ಟು ದಿನಗಳಲ್ಲಿ ಮೊದಲ ಸಲ ಪಿಸುಗುಟ್ಟಿದರು. “ಲೇ, ಆ ಕೆಮ್ಮು ಯಾರದು?”

“ನಿಮ್ಮದೇ ಸಾರ್. ನಾನು ಏನೂ ಸೇರಿಸಿಲ್ಲ.”

“ಹೂಂ. ಶ್ರುತ್ಯಾಗ ಇತ್ತು.” ಕಿವಿ ಬಿಟ್ಟರು. “ನಾಲ್ಕೂ ಕೇಳಿಸಿದುವು ನೋಡು, ಬ್ಯಾರೆಬ್ಯಾರೆ. ನಿನ್ನ ದನಿ ಯಾವುದಿತ್ತು ಅದರಾಗ?”

“ನಾನು ಹಾಡಲಿಲ್ಲ ಸಾರ್. ಬರೇ ಬಾಯಿ ಆಡಿಸಿದೆ.”

“ಅದಕ್ಕ ಛಲೋ ಆತು,” ಎಂದು, ಹಬ್ಬದ ಹರಾಜಿನಲ್ಲಿ ಕೊಂಡ ಒಂದು ಕುಂಬಳಕಾಯಿಯನ್ನು ನನ್ನ ತೋಳಿಗೆ ಹೊರಿಸಿ ಮನೆಯ ಕಡೆ ನಡೆದರು.